ಅಕೌಸ್ಟಿಕ್ ರಿಸರ್ಚ್ ಸ್ಪೀಕರ್ ಕಂಪನಿ ಬರೀ ಹೆಸರಾಗಿ ಉಳಿದದ್ದು ಹೇಗೆ?

ಕಲಬುರಗಿ_ಕೇಳುಗ:

ಎಲ್ಲರಿಗೂ ಶರಣು. ನಮ್ಮ ಕಾಕಾ ಅವರು ಅಮೆರಿಕದಿಂದ ಊರಿಗೆ ಮರಳುವಾಗ ತಂದ ಒಂದು ಜೋಡಿ ಎಆರ್-3ಎ ಸ್ಪೀಕರುಗಳು ಈಗ ನಮ್ಮ ಮನೆಯಲ್ಲಿವೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಹಾಕಿದರೆ ಡಗ್ಗದ ನಾದ ಈ ಹಳೆಯ ಪೆಟ್ಟಿಗೆಗಳಲ್ಲಿ ಕೇಳುವಷ್ಟು ತುಂಬಿಕೊಂಡು ನಾನು ಬೇರೆಲ್ಲೂ ಕೇಳಿಲ್ಲ. ಇವುಗಳನ್ನು ತಯಾರಿಸಿದ ಅಕೌಸ್ಟಿಕ್ ರಿಸರ್ಚ್ ಎಂಬ ಹೆಸರು ಈಚೆಗೆ ಬ್ಲೂಟೂತ್ ಸ್ಪೀಕರುಗಳ ಮೇಲೆ ಕಾಣಿಸುತ್ತಿದೆ; ಹಳೆಯ ಕಂಪನಿಗೂ ಅವಕ್ಕೂ ಹೆಸರಿನ ಹೊರತು ಸಂಬಂಧವಿದ್ದಂತೆ ತೋರುವುದಿಲ್ಲ. ಸ್ಥಾಪಕರು 1967ರಲ್ಲಿ ಟೆಲಿಡೈನ್ ಎಂಬ ದೊಡ್ಡ ಸಂಸ್ಥೆಗೆ ಮಾರಿದ್ದರಿಂದಲೇ ಅದು ಕೆಟ್ಟಿತೆಂದು ಹಲವರು ಹೇಳುತ್ತಾರೆ. ಅಷ್ಟೇ ಕಾರಣವೇ? ತಿಳಿದವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಯಾದಗಿರಿ_ಮೇಷ್ಟ್ರು:

ಶರಣು ಸರ್. ನಾನು ಪಿಯು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುವವನಾದ್ದರಿಂದ ಪೆಟ್ಟಿಗೆಯಿಂದಲೇ ಆರಂಭಿಸುತ್ತೇನೆ. 1950ರ ದಶಕದ ಆರಂಭದಲ್ಲಿ ಮಂದ್ರ ಸ್ವರಗಳು ಸರಿಯಾಗಿ ಕೇಳಬೇಕಾದರೆ ಆಳೆತ್ತರದ ಪೆಟ್ಟಿಗೆ ಬೇಕಾಗುತ್ತಿತ್ತು. ಕಂಪಿಸಿ ಸದ್ದು ಹೊರಡಿಸುವ ಶಂಕುವಿನಾಕಾರದ ಹಾಳೆಯನ್ನು, ಅಂದರೆ ಕೋನನ್ನು, ಹಿಡಿದು ನಿಲ್ಲಿಸುವ ಅಂಚು ಬಿಗಿಯಾಗಿರುತ್ತಿತ್ತು. ಕೋನ್ ಹಿಂದೆ ಮುಂದೆ ಹೆಚ್ಚು ದೂರ ಚಲಿಸಿದಂತೆ ಆ ಅಂಚಿನ ಎಳೆತ ಅನುಪಾತ ತಪ್ಪಿ, ಅದೇ ಧ್ವನಿಯಲ್ಲಿ ವಿಕೃತಿಯಾಗಿ ಕೇಳಿಸುತ್ತಿತ್ತು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ತರಗತಿ ನಡೆಸುತ್ತಿದ್ದ ಎಡ್ಗರ್ ವಿಲ್ಚರ್ ಅವರು ಈ ಅಂಚನ್ನು ಬೇಕೆಂತಲೇ ತೀರ ಸಡಿಲಗೊಳಿಸಿ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯೇ ಕೋನನ್ನು ಸ್ವಸ್ಥಾನಕ್ಕೆ ಮರಳಿ ತಳ್ಳುವಂತೆ ಮಾಡಿದರು. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದಾಗ ಕೈಗೆ ತಾಗುವ ಪ್ರತಿರೋಧವೇ ಇಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಮತ್ತು ಅದು ಬಟ್ಟೆ ಅಥವಾ ಕಾಗದದ ಅಂಚಿಗಿಂತ ಬಹಳ ಕ್ರಮಬದ್ಧವಾದ ಸ್ಪ್ರಿಂಗ್.

ಆ ತರಗತಿಯ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಅವರೊಡನೆ ವಿಲ್ಚರ್ 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಕಂಪನಿ ಆರಂಭಿಸಿದರು. ಮೊದಲು ಬಂದದ್ದು ಎಆರ್-1. ಗುಮ್ಮಟದಾಕಾರದ ಟ್ವೀಟರುಳ್ಳ (ತಾರ ಸ್ವರಗಳನ್ನು ನುಡಿಸುವ ಭಾಗ) ಎಆರ್-3 ಬಂದದ್ದು 1958ರಲ್ಲಿ. ಅದರ ಪೆಟ್ಟಿಗೆಯ ಎತ್ತರ ಕೇವಲ 25 ಇಂಚು, ಆದರೆ ಮಂದ್ರ ಸ್ವರಗಳನ್ನು ನುಡಿಸುವ 12 ಇಂಚಿನ ವೂಫರಿನ ಅನುರಣನ, ಅಂದರೆ ಅದು ತಾನಾಗಿ ಕಂಪಿಸುವ ಆವೃತ್ತಿ, ಆ ಪೆಟ್ಟಿಗೆಯೊಳಗೂ ಸುಮಾರು 43 ಹರ್ಟ್ಸಿನಷ್ಟು ಕೆಳಗಿತ್ತು. ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದೂ ಅದೇ ಹೊತ್ತಿಗೆ ಎಂಬುದನ್ನು ಮರೆಯಬಾರದು. ಒಂದು ಆಳೆತ್ತರದ ಪೆಟ್ಟಿಗೆಯನ್ನು ಹೇಗೋ ಸಹಿಸಿಕೊಂಡ ಮನೆಯವರು ಎರಡನೆಯದಕ್ಕೆ ಎಲ್ಲಿಂದ ಜಾಗ ಕೊಟ್ಟಾರು? ನನ್ನ ಅಭಿಪ್ರಾಯದಲ್ಲಿ ವಿಲ್ಚರರ ಬುದ್ಧಿಯಷ್ಟೇ ಈ ಕಾಲಯೋಗವೂ ಕಂಪನಿಯನ್ನು ಮೇಲೆತ್ತಿತು.

ಪ್ರಚಾರದ ರೀತಿಯೂ ಬೇರೆಯಾಗಿತ್ತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಪಾಶ್ಚಾತ್ಯ ತಂತಿವಾದ್ಯ ತಂಡದ ವಾದಕರನ್ನು ವೇದಿಕೆಯ ಮೇಲೆ ಕೂರಿಸಿ, ನುಡಿಸುತ್ತಿರುವಾಗಲೇ ನಡುವೆ ಮುದ್ರಿತ ಧ್ವನಿಗೆ ಬದಲಾಯಿಸಿ, ಯಾವುದು ಯಾವುದೆಂದು ಗುರುತಿಸಲು ಸಭಿಕರನ್ನು ಕೇಳುತ್ತಿದ್ದರು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಶ್ರವಣ ಕೊಠಡಿಯನ್ನೇ ತೆರೆದಿದ್ದರು; ಅಲ್ಲಿ ಯಾರಾದರೂ ಬಂದು ಕೇಳಬಹುದಿತ್ತು, ಆದರೆ ಕೊಳ್ಳಲು ಅವಕಾಶವಿರಲಿಲ್ಲ. 1966ರ ಸುಮಾರಿಗೆ ಅಮೆರಿಕದ ಸ್ಪೀಕರ್ ಮಾರುಕಟ್ಟೆಯ ಮೂರನೇ ಒಂದರಷ್ಟು ಪಾಲು ಅವರದಾಗಿತ್ತು.

ಬೀದರ್_ರಿಪೇರಿ:

ಮೇಷ್ಟ್ರು ಏರಿದ ಕಥೆಯನ್ನು ಸೊಗಸಾಗಿ ಬರೆದಿದ್ದಾರೆ. ಇಳಿದದ್ದಕ್ಕೆ ಟೆಲಿಡೈನ್ ಒಂದನ್ನೇ ದೂರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಕೈಬದಲಾದ ಮೇಲೂ ಅಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದರು; ಪಕ್ಕಗಳಲ್ಲಿ ಎರಡು ವೂಫರುಗಳಿದ್ದ ಎಆರ್-9 ಬಂದದ್ದು 1978ರಲ್ಲಿ, ಅಂದರೆ ಮಾರಾಟವಾದ ಹನ್ನೊಂದು ವರ್ಷಗಳ ಬಳಿಕ.

ಬೇರು ಇನ್ನೂ ಹಿಂದಿದೆ. ಕ್ಲಾಸ್ 1957ರಲ್ಲೇ ಹೊರಬಂದು ಕೆಎಲ್‌ಎಚ್ ಕಂಪನಿಯನ್ನು ಕಟ್ಟಿ ಅದೇ ತತ್ತ್ವದ ಸ್ಪೀಕರುಗಳನ್ನು ಮಾರತೊಡಗಿದರು, 1967ರಲ್ಲಿ ಅಡ್ವೆಂಟ್ ಆರಂಭಿಸಿ ಇನ್ನಷ್ಟು ಅಗ್ಗವಾಗಿ ಕೊಟ್ಟರು. ವಿಲ್ಚರರ ಪೇಟೆಂಟ್ ಎಲೆಕ್ಟ್ರೋ-ವಾಯ್ಸ್ ಕಂಪನಿಯೊಡನೆ ನಡೆದ ಮೊಕದ್ದಮೆಯಲ್ಲಿ ನಿಲ್ಲಲಿಲ್ಲ. ಹ್ಯಾರಿ ಓಲ್ಸನ್ ಎಂಬ ಧ್ವನಿ ಎಂಜಿನಿಯರ್ ಅವರ ಹಿಂದಿನ ಪೇಟೆಂಟೊಂದು ಅಡ್ಡಬಂದಿತು. ಆ ಬಳಿಕ ಗುಮ್ಮಟದ ಟ್ವೀಟರಿಗೆ ಅವರು ಪೇಟೆಂಟನ್ನೇ ಪಡೆಯಲಿಲ್ಲ. ಇಂದು ಮನೆಗಳಲ್ಲಿರುವ ಸ್ಪೀಕರುಗಳಲ್ಲಿ ಎಷ್ಟೋ ಅದೇ ಬಗೆಯ ಟ್ವೀಟರ್ ಹೊಂದಿವೆ, ಮತ್ತು ಅದಕ್ಕಾಗಿ ಯಾರೂ ಅವರಿಗೆ ಕಾಸು ಕೊಡಬೇಕಾಗಲಿಲ್ಲ.

ಉಳಿದಿದ್ದ ಮೇಲುಗೈ ಅನುಭವದ್ದು, ಅದೂ 1970ರ ದಶಕದಲ್ಲಿ ಕರಗಿತು. ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅವರ ಪ್ರಬಂಧಗಳು ಪೆಟ್ಟಿಗೆಯ ಗಾತ್ರವನ್ನೂ, ಮಂದ್ರಕ್ಕೆ ನೆರವಾಗಲೆಂದು ಕೆಲವು ಪೆಟ್ಟಿಗೆಗಳಲ್ಲಿ ಬಿಡುವ ರಂಧ್ರದ ಅಳತೆಯನ್ನೂ ಸೂತ್ರಗಳಿಗೆ ಇಳಿಸಿದವು. ಒಂದು ಕ್ಯಾಲ್ಕ್ಯುಲೇಟರ್ ಮತ್ತು ಒಬ್ಬ ಒಳ್ಳೆಯ ಬಡಿಗನಿದ್ದರೆ ಯಾವ ಊರಿನಲ್ಲಾದರೂ ಸಮರ್ಪಕವಾದ ಸ್ಪೀಕರ್ ಕಟ್ಟಬಹುದಾಯಿತು. ರಂಧ್ರವಿರುವ ಪೆಟ್ಟಿಗೆಗಳು ಅದೇ ವ್ಯಾಟಿಗೆ ಹೆಚ್ಚು ಸದ್ದು ಮಾಡುವಂತೆ ವಿನ್ಯಾಸಗೊಂಡು ಮತ್ತೆ ಬಂದವು.

ಟೆಲಿಡೈನ್ ಕೈಬಿಟ್ಟ ಮೇಲೆ ಹೆಸರು ಇಂಟರ್‌ನ್ಯಾಷನಲ್ ಜೆನ್ಸನ್ ಎಂಬ ಕಂಪನಿಯ ಪಾಲಾಯಿತು. 1996ರಲ್ಲಿ ಜೆನ್ಸನ್ ಸಮೇತ ರೆಕೋಟನ್ ಕಂಪನಿಗೆ, 2003ರಲ್ಲಿ ಆಡಿಯೋವಾಕ್ಸ್ ಕಂಪನಿಗೆ ಹೋಯಿತು. ನೀವು ನೋಡಿದ ಬ್ಲೂಟೂತ್ ಪೆಟ್ಟಿಗೆಗಳ ವಂಶಾವಳಿ ಅದು.

ಸ್ಟೇಷನ್_ಬಜಾರ್_ಆಡಿಯೋ:

ಇಬ್ಬರೂ ಅಂಗಡಿಯನ್ನು ಬಿಟ್ಟು ಮಾತನಾಡುತ್ತಿದ್ದೀರಿ. ಎರಡು ಜೋಡಿ ಸ್ಪೀಕರುಗಳನ್ನು ಒಂದೇ ಆಂಪ್ಲಿಫೈಯರಿಗೆ ಜೋಡಿಸಿ ಗುಂಡಿಯನ್ನು ಒಂದೇ ಮಟ್ಟದಲ್ಲಿ ಇಟ್ಟರೆ, ಗಿರಾಕಿ ಜೋರಾಗಿ ಕೇಳುವುದನ್ನೇ ಚೆನ್ನಾಗಿದೆ ಎನ್ನುತ್ತಾನೆ. ಇದನ್ನು ನಾನು ಗಲ್ಲೆಯ ಮುಂದೆ ಕುಳಿತು ನಿತ್ಯ ನೋಡುತ್ತೇನೆ. ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಮಂದ್ರ ಬೇಕೆಂದರೆ ದಕ್ಷತೆಯನ್ನು, ಅಂದರೆ ಕೊಟ್ಟ ವ್ಯಾಟಿಗೆ ಸಿಗುವ ಸದ್ದನ್ನು, ಬಿಟ್ಟುಕೊಡಲೇಬೇಕು. ಶರಣಬಸವೇಶ್ವರ ಜಾತ್ರೆಯಲ್ಲಿ ಕಟ್ಟುವ ಹಾರ್ನುಗಳು ಕೆಲವೇ ವ್ಯಾಟುಗಳಲ್ಲಿ ಬಯಲನ್ನೇ ತುಂಬುತ್ತವೆ, ಎಆರ್-3ಎಗೆ ಒಂದು ಕೋಣೆ ತುಂಬಲು ಅದರ ಹಲವು ಪಟ್ಟು ಬೇಕು. ಸಾವಧಾನದಿಂದ ಕುಳಿತು ಕೇಳುವ ಗಿರಾಕಿ ಇದ್ದಷ್ಟು ದಿನ ಆ ಕಂಪನಿ ನಡೆಯಿತು. ವಾಕ್‌ಮನ್ ಬಂತು, ಒಂದೇ ಡಬ್ಬಿಯಲ್ಲಿ ಎಲ್ಲವೂ ಇರುವ ಮ್ಯೂಸಿಕ್ ಸಿಸ್ಟಮ್ ಬಂತು, ಆ ಗಿರಾಕಿಯೇ ಕಡಿಮೆಯಾದ. ನಮ್ಮ ದೇಶದಲ್ಲಿ 1970ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಸ್ಪೀಕರ್ ಕಂಪನಿ ಸೋನೋಡೈನ್, ಧ್ವನಿಮುದ್ರಣದವರು ಬಳಸುವ ಸ್ಟುಡಿಯೋ ಮಾನಿಟರ್ ಸ್ಪೀಕರುಗಳ ಕಡೆಗೂ ಹೊರಳಿತು. ಕೆಲಸಕ್ಕಾಗಿ ಕೇಳುವವರು ಸದ್ದಿಗೆ ಮರುಳಾಗುವುದಿಲ್ಲವಲ್ಲ.

ಕಲಬುರಗಿ_ಕೇಳುಗ:

ಮೂವರಿಗೂ ಧನ್ಯವಾದಗಳು. ಅಂಗಡಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆಗಳಿವೆ. ಮಾರಿದ ಮೇಲೆ ವಿಲ್ಚರ್ ಏನು ಮಾಡಿದರು? ಮತ್ತು ಕಾಕಾ ಅವರ ಹಳೆಯ ಆಂಪ್ಲಿಫೈಯರ್ ಈಗ ಇಲ್ಲವಾದ್ದರಿಂದ ಈ ಜೋಡಿಗೆ ಎಂಥದ್ದನ್ನು ಹುಡುಕಬೇಕು?

ಯಾದಗಿರಿ_ಮೇಷ್ಟ್ರು:

ವಿಲ್ಚರ್ ಶ್ರವಣ ಸಾಧನಗಳ ಸಂಶೋಧನೆಗೆ ತಿರುಗಿದರು. ಕಿವಿ ಮಂದವಾದವರಿಗೆ ಮೆಲುದನಿ ಕೇಳಿಸದೆ, ಜೋರುದನಿ ಮಾತ್ರ ಬಾಧಿಸುವ ತೊಂದರೆಯಿರುತ್ತದೆ. ಧ್ವನಿಯನ್ನು ಮಂದ್ರದಿಂದ ತಾರದವರೆಗೆ ಆವೃತ್ತಿಗೆ ತಕ್ಕಂತೆ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದು ಭಾಗದಲ್ಲೂ ಮೆಲುದನಿ ಜೋರುದನಿಗಳ ಅಂತರವನ್ನು ಬೇರೆಬೇರೆಯಾಗಿ ಕುಗ್ಗಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿದರು. ಅವರು ತೀರಿಕೊಂಡದ್ದು 2011ರಲ್ಲಿ.

ಬೀದರ್_ರಿಪೇರಿ:

ಆಂಪ್ಲಿಫೈಯರ್ ಬಗ್ಗೆ: ಎಆರ್-3ಎ 4 ಓಮ್ ಸ್ಪೀಕರ್ (ಓಮ್ ವಿದ್ಯುತ್ ಪ್ರತಿರೋಧದ ಅಳತೆ; ಅದು ಕಡಿಮೆಯಾದಷ್ಟು ಆಂಪ್ಲಿಫೈಯರಿಗೆ ಭಾರ ಹೆಚ್ಚು), ಆದ್ದರಿಂದ 4 ಓಮ್‌ಗೆ ನಿರಾತಂಕವಾಗಿ ಕೆಲಸ ಮಾಡುವಂಥದ್ದು, ಚಾನೆಲ್ಲಿಗೆ ಕನಿಷ್ಠ 50 ವ್ಯಾಟಿನದು ಬೇಕು. 8 ಓಮ್ ಎಂದು ಮಾತ್ರ ಬರೆದಿರುವುದನ್ನು ಜೋಡಿಸಬೇಡಿ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದು ಸುಲಭವಾಗಿ ಕಾದು ಕೆಡುತ್ತದೆ. ಜೋಡಿಸಿದ ಮೇಲೆ ಮೆಲ್ಲಗೆ ಹಾಡು ಹಾಕಿ, ಸ್ಪೀಕರಿನ ಹಿಂಬದಿಯ ಎರಡು ಹೊಂದಾಣಿಕೆ ಗುಂಡಿಗಳನ್ನು ತಿರುಗಿಸಿ ನೋಡಿ. ಟ್ವೀಟರ್ ಕರಕರ ಎಂದರೆ ಅಥವಾ ಸುಮ್ಮನಾದರೆ ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದಿರುವ ಸಾಧ್ಯತೆಯೇ ಹೆಚ್ಚು, ಟ್ವೀಟರ್ ಸುಟ್ಟಿದೆಯೆಂದು ಕೂಡಲೇ ತಿಳಿಯಬೇಡಿ. ವೂಫರನ್ನು ಬಿಚ್ಚಿದರೆ ಮರಳಿ ಕೂರಿಸುವಾಗ ಸುತ್ತಲೂ ಹೊಸ ಪುಟ್ಟಿ ಹಚ್ಚಿ ಗಾಳಿ ಸೋರದಂತೆ ಮುಚ್ಚಲು ಹೇಳಿ.