ಕ್ಯಾಪ್ಸೂಲ್ ಸ್ಟೇನಿಂಗ್: ಈ. ಕೋಲಿಗೆ ಹಾಲೋ ಬರುತ್ತಿದೆ, ಕ್ಲೆಬ್ಸಿಯೆಲ್ಲಾಗೆ ಬರುತ್ತಿಲ್ಲ

ಪ್ರಶ್ನೆ (ಅಗಾರ್_ತಟ್ಟೆ):
ಬ್ಯಾಕ್ಟೀರಿಯಾ ಕೋಶದ ಹೊರಗಿನ ಲೋಳೆ ಹೊದಿಕೆಯನ್ನು (ಕ್ಯಾಪ್ಸೂಲ್) ಕೋಶದ ಸುತ್ತಲಿನ ತಿಳಿ ವಲಯವಾಗಿ (ಹಾಲೋ) ನೋಡಲು ಯತ್ನಿಸುತ್ತಿದ್ದೇನೆ.
ನ್ಯೂಟ್ರಿಯೆಂಟ್ ಅಗಾರ್‌ನಲ್ಲಿ 24 ಗಂಟೆ ಬೆಳೆದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ನೀರಿನಲ್ಲಿ ಸ್ಮಿಯರ್, ಹೀಟ್ ಫಿಕ್ಸ್ (ಬಿಸಿ ಮಾಡಿ ಕೋಶಗಳನ್ನು ಸ್ಲೈಡಿಗೆ ಅಂಟಿಸುವುದು), 1% ಕ್ರಿಸ್ಟಲ್ ವಯೊಲೆಟ್ 2 ನಿಮಿಷ, 20% ಕಾಪರ್ ಸಲ್ಫೇಟ್, ಕೊನೆಗೆ ನಲ್ಲಿ ನೀರು. ಬರೀ ನೇರಳೆ ಕೋಶಗಳು ಕಾಣುತ್ತವೆ. ಹಿನ್ನೆಲೆಯನ್ನು ಕಪ್ಪಾಗಿಸುವ ನಿಗ್ರೋಸಿನ್ ಹಾಕಿ ಒಣಗಿಸಿದರೆ ಕ್ಯಾಪ್ಸೂಲಿಲ್ಲದ ಲ್ಯಾಬ್ ತಳಿ ಈ. ಕೋಲಿ ಕೆ-12ಕ್ಕೂ ತೆಳು ಹಾಲೋ! ಇನ್ನೊಂದು ಸಂದೇಹ: ಮ್ಯಾಕಾಂಕಿ ಅಗಾರ್‌ನಲ್ಲಿ ಲೋಳೆ ಕಾಲೊನಿ ಬಂದರೆ ಅದು ಕ್ಯಾಪ್ಸೂಲೋ, ಸ್ಲೈಮ್ ಲೇಯರೋ?

ಉತ್ತರ (ಎಣ್ಣೆ_ಲೆನ್ಸ್):
ಹೀಟ್ ಫಿಕ್ಸ್ ಬೇಡವೇ ಬೇಡ. ಕ್ಯಾಪ್ಸೂಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಬಿಸಿ ತಾಗಿದ ಕೂಡಲೇ ಕುಗ್ಗುತ್ತದೆ. ಸ್ಮಿಯರನ್ನು ನೀರಿನಲ್ಲಲ್ಲ, ಒಂದು ಹನಿ ಸ್ಕಿಮ್ ಮಿಲ್ಕ್‌ನಲ್ಲಿ ಮಾಡಿ ಗಾಳಿಯಲ್ಲೇ ಒಣಗಲು ಬಿಡಿ. ಹಾಲಿನ ಪ್ರೋಟೀನ್ ಬಣ್ಣ ಹೀರಿ ಹಿನ್ನೆಲೆಯಾಗುತ್ತದೆ. ಕ್ಯಾಪ್ಸೂಲಿಗೆ ಬಣ್ಣ ಗಟ್ಟಿಯಾಗಿ ಅಂಟುವುದಿಲ್ಲ, ಹಾಗಾಗಿ ಕಾಪರ್ ಸಲ್ಫೇಟ್ ಅದನ್ನು ತೆಗೆದು ತಿಳಿನೀಲಿಯ ವಲಯ ಉಳಿಸುತ್ತದೆ. ಅದಾದ ಮೇಲೆ ನೀರು ಹಾಕಬಾರದು. ಸ್ಲೈಡನ್ನು ಓರೆ ಹಿಡಿದು ಬಸಿದು, ಬ್ಲಾಟಿಂಗ್ ಪೇಪರ್ ಒತ್ತಿ.

ಕೆ-12ರ ಹಾಲೋ ನಿಜವಾದದ್ದಲ್ಲ. ಒಣಗುವಾಗ ಕೋಶ ಕುಗ್ಗಿ, ಬಣ್ಣದ ಪದರದಿಂದ ಸರಿದು ಉಳಿದ ಖಾಲಿ ಜಾಗ ಅದು. ಸಂದೇಹವಿದ್ದಾಗ ಇಂಡಿಯಾ ಇಂಕ್ ವೆಟ್ ಮೌಂಟ್ ನೋಡಿ: ಒಂದು ಲೂಪ್ ಶಾಯಿಗೆ ಚೂರು ಕಾಲೊನಿ ಬೆರೆಸಿ, ಕವರ್‌ಸ್ಲಿಪ್ ಇಟ್ಟು, ಹಿನ್ನೆಲೆ ತಿಳಿ ಕಂದಾಗುವವರೆಗೆ ಮೆಲ್ಲಗೆ ಒತ್ತಿ. ಶಾಯಿ ದಪ್ಪವಾಗಿದ್ದರೆ ಏನೂ ಕಾಣದು. ಬರೀ ಶಾಯಿಯ ಸ್ಲೈಡ್ ಒಂದನ್ನು ಜೊತೆಗಿಡಿ, ಹಳೆ ಬಾಟಲಿಯಲ್ಲೂ ಬ್ಯಾಕ್ಟೀರಿಯಾ ಬೆಳೆದಿರುತ್ತವೆ.

ಮರೆಯಬೇಡಿ, ಫಿಕ್ಸ್ ಆಗದ ಸ್ಲೈಡಿನಲ್ಲಿ ಕೋಶಗಳು ಜೀವಂತವಿರುತ್ತವೆ. ಸ್ಲೈಡ್, ಬ್ಲಾಟಿಂಗ್ ಪೇಪರ್ ಎರಡೂ 1% ಹೈಪೋಕ್ಲೋರೈಟ್‌ಗೆ ಹೋಗಲಿ.

ಉತ್ತರ (ಲೋಳೆ_ಪದರ):
ನ್ಯೂಟ್ರಿಯೆಂಟ್ ಅಗಾರ್ ಕೂಡ ಒಂದು ಕಾರಣ. ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ ಇರುವ ಮೀಡಿಯಂನಲ್ಲಿ ಕ್ಲೆಬ್ಸಿಯೆಲ್ಲಾ ಕ್ಯಾಪ್ಸೂಲ್ ದಪ್ಪವಾಗುತ್ತದೆ.

ಕಾಲೊನಿ ನೋಡಿ ಕ್ಯಾಪ್ಸೂಲೋ ಸ್ಲೈಮೋ ಎಂದು ತೀರ್ಪು ಕೊಡಲಾಗದು. ವ್ಯತ್ಯಾಸ ಇರುವುದು ರಾಸಾಯನಿಕ ರಚನೆಯಲ್ಲಲ್ಲ, ಅಂಟಿಕೊಂಡಿರುವ ಬಗೆಯಲ್ಲಿ. ಕೋಶಕ್ಕೆ ಗಟ್ಟಿಯಾಗಿ ಕಚ್ಚಿಕೊಂಡು ಸ್ಪಷ್ಟ ಅಂಚಿರುವುದು ಕ್ಯಾಪ್ಸೂಲ್. ತೊಳೆದರೆ, ಸೆಂಟ್ರಿಫ್ಯೂಜ್ ಮಾಡಿದರೆ ಬಿಟ್ಟುಹೋಗುವುದು ಸ್ಲೈಮ್. ಕ್ಲೆಬ್ಸಿಯೆಲ್ಲಾ ತನ್ನ ಕ್ಯಾಪ್ಸೂಲ್ ಪಾಲಿಸ್ಯಾಕರೈಡನ್ನೇ ಸುತ್ತಲೂ ಸಡಿಲವಾಗಿ ಚೆಲ್ಲುವುದುಂಟು. ಲೂಪಿನಿಂದ ಕಾಲೊನಿ ಎತ್ತಿದಾಗ 5 ಮಿಮೀಗಿಂತ ಉದ್ದ ಎಳೆ ಬಂದರೆ ಸ್ಟ್ರಿಂಗ್ ಟೆಸ್ಟ್ ಪಾಸಿಟಿವ್. ಅದು ಅಂಟುತನದ ಅಳತೆಯಷ್ಟೇ, ಕ್ಯಾಪ್ಸೂಲ್ ಎಷ್ಟಿದೆ ಎಂಬುದರದ್ದಲ್ಲ.

ಕೆಲಸದಲ್ಲೂ ಎರಡೂ ಬೇರೆ. ಕ್ಯಾಪ್ಸೂಲ್ ಮುಖ್ಯವಾಗಿ ಬಿಳಿ ರಕ್ತಕಣಗಳಿಂದ ಕಾಪಾಡುತ್ತದೆ: ಕಾಂಪ್ಲಿಮೆಂಟ್‌ನ (ರಕ್ತದ ರಕ್ಷಣಾ ಪ್ರೋಟೀನ್‌ಗಳ) ಸಿ3ಬಿ ಎಂಬ ತುಣುಕು ಕ್ಯಾಪ್ಸೂಲಿನ ಅಡಿಯಲ್ಲಿ ಕೂತರೂ ಭಕ್ಷಕ ಕೋಶದ ಗ್ರಾಹಕಕ್ಕೆ ಕೈಗೆಟುಕದು. 1928ರಲ್ಲಿ ಗ್ರಿಫಿತ್ ಬಳಸಿದ ನ್ಯುಮೋಕಾಕಸ್‌ನಲ್ಲಿ ಕ್ಯಾಪ್ಸೂಲಿದ್ದ ತಳಿ ಇಲಿಯನ್ನು ಕೊಂದಿತು, ಇಲ್ಲದ್ದು ಕೊಲ್ಲಲಿಲ್ಲ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನ ಸ್ಲೈಮ್ ಮಾತ್ರ ಕ್ಯಾಥೆಟರ್ ಮೇಲೆ ಬಯೋಫಿಲ್ಮ್ ಕಟ್ಟಿಕೊಂಡು ಆಂಟಿಬಯಾಟಿಕ್‌ಗೂ ಜಗ್ಗದೆ ಕೂರಲು ನೆರವಾಗುತ್ತದೆ. ಕ್ಯಾಪ್ಸೂಲ್ ಎಂದರೆ ಪಾಲಿಸ್ಯಾಕರೈಡ್ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಆಂಥ್ರಾಕ್ಸ್ ಬ್ಯಾಸಿಲಸ್‌ನದು ಪಾಲಿ-ಡಿ-ಗ್ಲುಟಾಮಿಕ್ ಆಮ್ಲ, ಅಂದರೆ ಪಾಲಿಪೆಪ್ಟೈಡ್.

ಉತ್ತರ (ಕಬ್ಬಿನ_ಹಾಲು):
ಸ್ಲೈಮನ್ನೇ ಪ್ರಯೋಗದಲ್ಲಿ ತೋರಿಸಬೇಕಿದ್ದರೆ ಲ್ಯುಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ತೆಗೆದುಕೊಳ್ಳಿ. ಒಂದು ಪ್ಲೇಟಿಗೆ 5% ಸುಕ್ರೋಸ್, ಇನ್ನೊಂದಕ್ಕೆ 5% ಗ್ಲೂಕೋಸ್, 25 ಡಿಗ್ರಿ, 48 ಗಂಟೆ. ಸುಕ್ರೋಸ್ ಪ್ಲೇಟಿನಲ್ಲಿ ಮಾತ್ರ ಉಬ್ಬಿದ ಲೋಳೆ ಬರುತ್ತದೆ, ಏಕೆಂದರೆ ಡೆಕ್ಸ್‌ಟ್ರಾನ್‌ಸುಕ್ರೇಸ್ ಕಿಣ್ವ ಕೋಶದ ಹೊರಗೆ ಸುಕ್ರೋಸನ್ನು ಒಡೆದು, ಅದರ ಗ್ಲೂಕೋಸ್ ಭಾಗವನ್ನು ಡೆಕ್ಸ್‌ಟ್ರಾನ್ ಆಗಿ ಪೋಣಿಸುತ್ತದೆ. ಬರೀ ಗ್ಲೂಕೋಸ್ ಕೊಟ್ಟರೆ ಆ ಕಿಣ್ವಕ್ಕೆ ಒಡೆಯಲು ಬಂಧವೇ ಇಲ್ಲ.

ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯವರಿಗೆ ಈ ಬ್ಯಾಕ್ಟೀರಿಯಾ ಬೇಡದ ಅತಿಥಿ. ಕಡಿದ ಕಬ್ಬು ಅರೆಯಲು ತಡವಾದಷ್ಟೂ ರಸದಲ್ಲಿ ಡೆಕ್ಸ್‌ಟ್ರಾನ್ ಏರಿ, ಸೋಸುವಿಕೆ ನಿಧಾನವಾಗಿ, ಸಕ್ಕರೆ ಹರಳು ಸೂಜಿಯಂತೆ ಉದ್ದವಾಗುತ್ತದೆ. ಡೆಕ್ಸ್‌ಟ್ರಾನ್ ಸುಕ್ರೋಸ್‌ಗಿಂತ ಹೆಚ್ಚಾಗಿ ಬೆಳಕನ್ನು ಬಲಕ್ಕೆ ತಿರುಗಿಸುವುದರಿಂದ, ಆ ತಿರುವಿನಿಂದ ಸಕ್ಕರೆ ಅಳೆಯುವ ಪೋಲಾರಿಮೀಟರ್ ಇಲ್ಲದ ಸಕ್ಕರೆಯನ್ನೂ ತೋರಿಸುತ್ತದೆ.