ಪ್ರಶ್ನೋತ್ತರ: ಪೈಥಾನ್-ಮಾರ್ಕ್‌ಡೌನ್‌ನಲ್ಲಿ ಕನ್ನಡ ತಲೆಬರಹದ ಲಿಂಕ್ ಮತ್ತು ಸ್ವಂತ ಎಕ್ಸ್‌ಟೆನ್ಷನ್

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಡೆಯ ಜನಪದ ಕಥೆಗಳನ್ನು ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತು ಹಾಕಿ ಬರೆಯುವ ಪದ್ಧತಿ) ಬರೆದಿಟ್ಟು, ಪೈಥಾನ್-ಮಾರ್ಕ್‌ಡೌನ್ ಲೈಬ್ರರಿಯಿಂದ ವೆಬ್ ಪುಟ ಮಾಡುತ್ತಿದ್ದೇನೆ. ಪರಿವಿಡಿಗೆ ಅದರದ್ದೇ 'ಟಾಕ್' (toc) ಎಕ್ಸ್‌ಟೆನ್ಷನ್, ಅಂದರೆ ಹೆಚ್ಚುವರಿ ಸೌಲಭ್ಯ, ಹಾಕಿದ್ದೇನೆ. ಕನ್ನಡ ತಲೆಬರಹಗಳ ಐಡಿ (ಲಿಂಕ್ ಹೋಗಿ ಸೇರುವ ಹೆಸರು) ಎಲ್ಲಾ _1, _2 ಅಂತಲೇ ಬರುತ್ತಿವೆ. ನಡುವೆ ಹೊಸ ಕಥೆ ಸೇರಿಸಿದರೆ ಹಳೆಯ ಲಿಂಕ್ ಬೇರೆ ಕಥೆಗೆ ಹೋಗುತ್ತದೆ. ತಲೆಬರಹದಿಂದ ಐಡಿ ಮಾಡುವ 'ಸ್ಲಗಿಫೈ ಯೂನಿಕೋಡ್' ಹಾಕಿ ನೋಡಿದೆ, 'ಮೈಸೂರು' ಹೋಗಿ 'ಮಸರ' ಆಯಿತು! ಸ್ವಂತ ಎಕ್ಸ್‌ಟೆನ್ಷನ್ ಬರೆಯಲೇಬೇಕಾ?

ಉತ್ತರ: ಬೇಡ. ಇದಕ್ಕೆ ಒಂದು ಚಿಕ್ಕ ಫಂಕ್ಷನ್ ಸಾಕು.

ಮೊದಲು ಕಾರಣ ನೋಡಿ. ಟಾಕ್ ಸುಮ್ನೆ ಹಾಕಿದಾಗ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಪಟ್ಟಿ) ಅಲ್ಲದ ಅಕ್ಷರಗಳನ್ನೆಲ್ಲ ತೆಗೆದುಹಾಕುತ್ತದೆ. ಕನ್ನಡ ತಲೆಬರಹದಲ್ಲಿ ಆಮೇಲೆ ಏನೂ ಉಳಿಯುವುದಿಲ್ಲ, ಹಾಗಾಗಿ ಬರೀ ಸಂಖ್ಯೆ ಕೊಡುತ್ತದೆ. ಯೂನಿಕೋಡ್ ಆವೃತ್ತಿ ಅಕ್ಷರ ಉಳಿಸುತ್ತದೆ, ಆದರೆ ಯಾವುದು ಅಕ್ಷರ ಅಂತ ಪೈಥಾನಿನ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಕೇಳಿ ತೀರ್ಮಾನಿಸುತ್ತದೆ. ಅಲ್ಲಿ ಅಕ್ಷರಗಳನ್ನು ಗುರುತಿಸುವ 'ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ' (\w) ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಕೂಡಿಸುವ ವಿರಾಮವನ್ನೂ ಅಕ್ಷರ ಅಂತ ಒಪ್ಪುವುದಿಲ್ಲ. ಗುಣಿತವೆಲ್ಲ ಉದುರಿ ಹೋಗುವುದು ಅದಕ್ಕೇ. ಹಿಂದಿ, ತಮಿಳಿನವರಿಗೂ ಇದೇ ಗೋಳು.

ಟಾಕ್‌ನ ಸೆಟ್ಟಿಂಗ್‌ನಲ್ಲಿ 'ಸ್ಲಗಿಫೈ' ಜಾಗಕ್ಕೆ ನಿಮ್ಮದೇ ಫಂಕ್ಷನ್ ಕೊಡಬಹುದು. ಅದಕ್ಕೆ ಬರುವುದು ಎರಡೇ: ತಲೆಬರಹದ ಪಠ್ಯ, ಪದಗಳ ನಡುವೆ ಹಾಕುವ ಗೆರೆ. ಪಠ್ಯವನ್ನು ಎನ್‌ಎಫ್‌ಸಿಗೆ, ಅಂದರೆ ಒಂದೇ ಅಕ್ಷರವನ್ನು ಒಂದೇ ರೀತಿ ಬರೆಯುವ ಯೂನಿಕೋಡ್ ರೂಪಕ್ಕೆ ತನ್ನಿ. ಆಮೇಲೆ ಒಂದೊಂದೇ ಅಕ್ಷರದ ಯೂನಿಕೋಡ್ ವರ್ಗ ನೋಡಿ: ಎಲ್ (ಅಕ್ಷರ), ಎಂ (ಸ್ವರಚಿಹ್ನೆಯಂಥವು), ಎನ್ (ಅಂಕಿ) ಇವುಗಳಿಂದ ಶುರುವಾಗುವ ವರ್ಗದ್ದಾದರೆ ಇಟ್ಟುಕೊಳ್ಳಿ. ಖಾಲಿ ಜಾಗಕ್ಕೆ ಗೆರೆ ಹಾಕಿ, ಉಳಿದದ್ದು ಬಿಡಿ. 'ಸಾಫ್ಟ್‌ವೇರ್' ತರಹದ ಪದದೊಳಗಿನ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ಇದರಲ್ಲಿ ತಾನಾಗಿಯೇ ಬಿಟ್ಟು ಹೋಗುತ್ತದೆ. ಅದು ಒಳ್ಳೆಯದೇ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ.

ತಲೆಬರಹವನ್ನೇ ಮುಂದೆ ತಿದ್ದುವ ಸಂಭವ ಇದ್ದರೆ 'ಆಟ್ರ್ ಲಿಸ್ಟ್' ಎಕ್ಸ್‌ಟೆನ್ಷನ್ ಹಾಕಿ, ಮುಖ್ಯ ಕಥೆಗಳಿಗೆ ಕೈಯಿಂದಲೇ ಐಡಿ ಕೊಡಿ. ಟಾಕ್ ಅದನ್ನು ಮುಟ್ಟುವುದಿಲ್ಲ. ಹಂಚಿಕೊಳ್ಳುವ ಲಿಂಕ್‌ಗಳಿಗೆ ನನಗೆ ಇದೇ ಜಾಸ್ತಿ ಇಷ್ಟ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್, ಐಡಿ ಸರಿಹೋಯಿತು. ಇನ್ನೊಂದು ಇದೆ. ಅಪರೂಪದ ಪದಗಳನ್ನು ==ಪದ== ಅಂತ ಬರೆದರೆ ಹಳದಿ ಬಣ್ಣದಲ್ಲಿ ಕಾಣಬೇಕು. ಲೈಬ್ರರಿಗೆ ಕೊಡುವ ಮೊದಲೇ ರಿಪ್ಲೇಸ್ ಮಾಡಿದೆ. ಕೋಡ್ ಒಳಗಿನ == ಕೂಡ ಬದಲಾಯಿತು, ಕೆಲವು ತಲೆಬರಹಗಳೂ ಕೆಟ್ಟವು.

ಉತ್ತರ: ಇಲ್ಲಿ ಮಾತ್ರ ಎಕ್ಸ್‌ಟೆನ್ಷನ್ ಬರೆಯಿರಿ. ತಲೆಬರಹ ಕೆಟ್ಟಿದ್ದು ಯಾಕೆಂದರೆ ಸಾಲಿನ ಕೆಳಗೆ ===== ಎಳೆದರೆ ಮಾರ್ಕ್‌ಡೌನ್‌ನಲ್ಲಿ ಅದೇ ತಲೆಬರಹ. ಲೈಬ್ರರಿ ಮೊದಲು ತಲೆಬರಹ, ಪಟ್ಟಿ, ಪ್ಯಾರಾ ಅಂತ ಬ್ಲಾಕ್ ಬಿಡಿಸುತ್ತದೆ. ಸಾಲಿನೊಳಗಿನ ಗುರುತುಗಳ ಸರದಿ ಆಮೇಲೆ. ನಿಮ್ಮದು ಸಾಲಿನೊಳಗಿನ ಕೆಲಸ. ಆದ್ದರಿಂದ 'ಇನ್‌ಲೈನ್ ಪ್ರೊಸೆಸರ್' ಕ್ಲಾಸ್‌ನಿಂದ ನಿಮ್ಮ ಕ್ಲಾಸ್ ಮಾಡಿಕೊಂಡು, ಅದರ 'ಹ್ಯಾಂಡಲ್ ಮ್ಯಾಚ್'ನಲ್ಲಿ 'ಮಾರ್ಕ್' ಟ್ಯಾಗ್ ಕಟ್ಟಿ. ಆ ಟ್ಯಾಗ್ ಜೊತೆಗೆ ಸಿಕ್ಕ ತುಣುಕಿನ ಶುರು ಮತ್ತು ಕೊನೆಯ ಸ್ಥಾನವನ್ನೂ ಹಿಂತಿರುಗಿಸಿ.

ರಿಜಿಸ್ಟರ್ ಮಾಡುವಾಗ ಆದ್ಯತೆ 175 ಕೊಡಿ. ದೊಡ್ಡ ಸಂಖ್ಯೆ ಮೊದಲು ಓಡುತ್ತದೆ. ಬ್ಯಾಕ್‌ಟಿಕ್ ಕೋಡ್‌ನದು 190, ಎಸ್ಕೇಪ್‌ನದು (ಓರೆಗೆರೆ ಹಾಕಿ ಗುರುತನ್ನು ಹಾಗೇ ತೋರಿಸುವುದು) 180. ಅವೆರಡೂ ಮುಗಿದ ಮೇಲೆ ನಿಮ್ಮ ಸರದಿ ಬರುವುದರಿಂದ ಕೋಡ್ ಒಳಗಿನ == ಹಾಗೇ ಇರುತ್ತದೆ. ಹಿಂದೆ ಓರೆಗೆರೆ ಹಾಕಿ == ಅನ್ನು ಹಾಗೇ ತೋರಿಸಬೇಕಾದರೆ, ಎಸ್ಕೇಪ್ ಅಕ್ಷರಗಳ ಪಟ್ಟಿಗೆ = ಸೇರಿಸಿ. ಆ ಪಟ್ಟಿಯಲ್ಲಿ ಅದು ಮೊದಲಿಂದ ಇಲ್ಲ.

ಹುಡುಕಿದರೆ ಸಿಗುವ ಹಳೆಯ ಉದಾಹರಣೆಗಳ ಬಗ್ಗೆ ಎಚ್ಚರ. 2018ರಲ್ಲಿ ಬಂದ ಲೈಬ್ರರಿಯ 3.0 ಆವೃತ್ತಿಗೆ ಈ ಆದ್ಯತೆ ಸಂಖ್ಯೆಯ ಪದ್ಧತಿ ಬಂತು. ಅದಕ್ಕೂ ಮುಂಚಿನವು 'ಆಡ್' ಅಂತ ಬರೆದು, ಯಾವುದರ ಮುಂದೆ ಯಾವುದರ ಹಿಂದೆ ಅಂತ ಹೆಸರು ಹೇಳುತ್ತವೆ. ಅದನ್ನು ನಕಲು ಮಾಡಬೇಡಿ. ಎರರ್ ಬಂದರೆ ಕೋಡ್ ಸಮೇತ ಇಲ್ಲೇ ಹಾಕಿ, ನೋಡೋಣ.