ಪದಚರ್ಚೆ: ‘ಬ್ರೇಕ್ ಹಿಡಿದಿದೆ’ ಅಂದರೆ ಒಳ್ಳೆಯದೋ ಕೆಟ್ಟದ್ದೋ?

ಸ್ನೇಹಿತರೇ, ನಮಸ್ಕಾರ.

ಸಕಲೇಶಪುರದ ಕಡೆ ಗೆಳೆಯರೊಬ್ಬರು ತಮ್ಮ ತೋಟದ ಹಳೇ ಮಹೀಂದ್ರ ಜೀಪನ್ನು, ಎತ್ತರದ ಬಾನೆಟ್ಟಿನ ಸಿಜೆ-3ಬಿ ಇರುತ್ತದಲ್ಲ, ಅದನ್ನು ಪೂರ್ತಿ ಬಿಚ್ಚಿ ಕಟ್ಟಿಸಿದ್ದಾರೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಮೊದಲ ಸಲ ಹೊರಗೆ ತೆಗೆಯುವ ಮುಂಚೆ ಏನೇನು ನೋಡಬೇಕು ಅಂತ ಒಂದು ಹಾಳೆ ಬರೆದುಕೊಡಿ, ತೋಟದ ಡ್ರೈವರೂ ಗ್ಯಾರೇಜಿನ ಹುಡುಗರೂ ಓದುವ ಹಾಗೆ ಕನ್ನಡದಲ್ಲೇ ಇರಲಿ ಎಂದರು. ಭಾಗಗಳ ಹೆಸರಿಗೆ ತೊಂದರೆಯೇ ಇಲ್ಲ. ಬ್ರೇಕ್ ಶೂ, ಮಾಸ್ಟರ್ ಸಿಲಿಂಡರ್, ಕಿಂಗ್‌ಪಿನ್, ಯು-ಬೋಲ್ಟ್ ಎಲ್ಲ ಹಾಗೇ ಇರುತ್ತವೆ. ‘ಗತಿನಿರೋಧಕ’ ಅಂತ ಬರೆದರೆ ಆ ಹಾಳೆ ಸೀಟಿನ ಕೆಳಗೆ ಹೋಗುತ್ತದೆ, ಅಷ್ಟೇ. ತೊಡಕು ಇರುವುದು ಕ್ರಿಯಾಪದಗಳಲ್ಲಿ. ಅದೂ ನಮ್ಮ ಅಚ್ಚ ಕನ್ನಡದ ಸಣ್ಣ ಸಣ್ಣ ಕ್ರಿಯಾಪದಗಳಲ್ಲಿ.

ಮೊದಲನೆಯದು ‘ಹಿಡಿ’. ‘ಬ್ರೇಕ್ ಹಿಡೀತಾ ಇಲ್ಲ’ ಎಂದರೆ ಗಾಡಿ ನಿಲ್ಲುತ್ತಿಲ್ಲ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ‘ಬ್ರೇಕ್ ಹಿಡಿದಿದೆ’ ಎಂದರೆ ಸರಿಯಾಗಿದೆ ಎಂದಾಗಬೇಕು, ಅಲ್ವಾ? ಆದರೆ ಗ್ಯಾರೇಜಿನಲ್ಲಿ ಹಾಗೆಂದರೆ, ಪೆಡಲ್‌ನಿಂದ ಕಾಲು ತೆಗೆದರೂ, ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಒಳಗಿಂದ ಒತ್ತಿ ನಿಲ್ಲಿಸುವ ಶೂ ಅದನ್ನು ಬಿಟ್ಟಿಲ್ಲ ಎಂದರ್ಥ. ‘ಎಂಜಿನ್ ಹಿಡಿದಿದೆ’ ಅಂದರೂ ಕೆಟ್ಟ ಸುದ್ದಿಯೇ, ಜಾಮ್ ಆಗಿ ತಿರುಗುತ್ತಿಲ್ಲ ಎಂದು. ‘ತುಕ್ಕು ಹಿಡಿದಿದೆ’ ಬಗ್ಗೆ ಹೇಳುವುದೇ ಬೇಡ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಮೋಟಾರು ಗಾಡಿಯ ಈ ಜಗಳ ಬಿಡಿಸು ಎಂದು ಅದನ್ನು ಕೇಳುವ ಹಾಗಿಲ್ಲ.

ಇದು ಬರೀ ಮಾತಿನ ಕುಸ್ತಿಯಲ್ಲ. ಈ ಜೀಪಿನಲ್ಲಿ ನಾಲ್ಕು ಗಾಲಿಗೂ ಡ್ರಮ್ ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಗಾಲಿಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ನಾಲ್ಕಕ್ಕೂ ಸೇರಿ ಒಂದೇ, ಎಣ್ಣೆಯ ಸರ್ಕ್ಯೂಟೂ ಒಂದೇ. ಒಂದು ಗಾಲಿಯ ಸಿಲಿಂಡರ್ ಸೋರಿದರೂ ನಾಲ್ಕೂ ಗಾಲಿಯ ಬ್ರೇಕ್ ಹೋಗುತ್ತದೆ. ಇನ್ನು ಬಹಳ ದಿನ ನಿಂತ ಗಾಡಿಯಲ್ಲಿ ಉಲ್ಟಾ ಕಾಯಿಲೆಯೂ ಇರುತ್ತದೆ. ರಬ್ಬರ್ ಹೋಸು ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಶೂ ಉಜ್ಜುತ್ತಾ ಉಜ್ಜುತ್ತಾ ಡ್ರಮ್ ಕಾಯುತ್ತದೆ. ಅಂದರೆ ಒಂದೇ ಹಾಳೆಯಲ್ಲಿ ‘ಹಿಡಿಯಬೇಕು’ ಎಂದೂ ಬರೆಯಬೇಕು, ‘ಹಿಡಿದಿರಬಾರದು’ ಎಂದೂ ಬರೆಯಬೇಕು. ಓದುವವರು ಗೊಂದಲ ಮಾಡಿಕೊಂಡರೆ ಘಟ್ಟದ ಇಳಿಜಾರಿನಲ್ಲಿ ಅದಕ್ಕೆ ತಿದ್ದುಪಡಿ ಇಲ್ಲ.

ಇಲ್ಲಿ ನನಗೆ ಆಸರೆಯಾಗಿ ಕಂಡದ್ದು, ಬೇರೆ ಕ್ರಿಯಾಪದಗಳ ಬಾಲಕ್ಕೆ ಸೇರುವ ‘ಕೊಳ್ಳು’. ‘ಬ್ರೇಕ್ ಹಿಡಿಯುತ್ತದೆ’ ಎಂದರೆ ಕೆಲಸ ಮಾಡುತ್ತದೆ. ‘ಬ್ರೇಕ್ ಹಿಡಿದುಕೊಳ್ಳುತ್ತದೆ’ ಎಂದರೆ ಸಿಕ್ಕಿಹಾಕಿಕೊಂಡಿದೆ. ಮಾತಿನಲ್ಲಿ ‘ಹಿಡ್ಕೊಂಡ್ಬಿಟ್ಟಿದೆ’. ಮೇಸ್ತ್ರಿಗಳು ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಪಾಲಿಸುತ್ತಾರೆ. ಬೇರೆ ಕ್ರಿಯಾಪದಗಳಲ್ಲೂ ಹೀಗೇ. ‘ಎಂಜಿನ್ ಕಟ್ಟಿದರು’ ಎಂದರೆ ಬಿಚ್ಚಿದ್ದನ್ನು ಜೋಡಿಸಿದರು. ‘ಕಾರ್ಬುರೇಟರ್ ಕಟ್ಟಿಕೊಂಡಿದೆ’ ಎಂದರೆ ಒಳಗೆ ಕಸ ಕೂತಿದೆ. ‘ಗಾಡಿ ಚೆನ್ನಾಗಿ ಎಳೆಯುತ್ತದೆ’ ಹೊಗಳಿಕೆ. ‘ಏರ್ ಎಳೆದುಕೊಂಡಿದೆ’ ದೂರು, ಪೈಪಿನೊಳಗೆ ಗಾಳಿ ಸೇರಿದೆ ಎಂದು. ಯಂತ್ರ ನಾವು ಹೇಳಿದ್ದನ್ನು ಮಾಡಿದರೆ ಬರೀ ಕ್ರಿಯಾಪದ, ತಾನಾಗಿ ಏನಾದರೂ ಮಾಡಿದರೆ ‘ಕೊಳ್ಳು’ ಅಂತ ನನ್ನ ಊಹೆ.

ಊಹೆ ಪೂರ್ತಿ ನಿಲ್ಲುವುದಿಲ್ಲ. ‘ಟೈರು ನೆಲ ಕಚ್ಚಿಕೊಂಡು ಹೋಗುತ್ತದೆ’ ಎನ್ನುತ್ತೇವೆ, ಅದು ಒಳ್ಳೆಯದೇ. ‘ಗೇರ್ ಕೂತುಕೊಂಡಿತು’ ಕೂಡ ಒಳ್ಳೆಯದೇ. ಆದರೂ ಯಂತ್ರದ ಮಾತಿನಲ್ಲಿ ‘ಕೊಳ್ಳು’ ಬಂದರೆ ಜಾಸ್ತಿ ಪಾಲು ದೂರಿನ ಕಡೆಗೇ ವಾಲುತ್ತದೆ. ವ್ಯಾಕರಣ ಬಲ್ಲವರು ಈ ಬಗ್ಗೆ ಏನು ಹೇಳುತ್ತೀರಿ?

ಸದ್ಯಕ್ಕೆ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ‘ಒಂದೊಂದೇ ಗಾಲಿ ಜಾಕ್ ಎತ್ತಿ ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಇನ್ನೊಬ್ಬರು ಪೆಡಲ್ ಒತ್ತಿದಾಗ ಪಕ್ಕನೆ ನಿಲ್ಲಬೇಕು. ಕಾಲು ತೆಗೆದ ಕೂಡಲೇ ಮತ್ತೆ ತಿರುಗಬೇಕು. ಆಮೇಲೆ ಪೆಡಲ್ಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಇರಿ. ಪೆಡಲ್ ಮೆಲ್ಲಗೆ ಕೆಳಗಿಳಿದರೆ ಗಾಡಿ ಹೊರಗೆ ತೆಗೆಯಬೇಡಿ.’ ನೋಡಿ, ‘ಹಿಡಿ’ಯನ್ನೇ ಬಿಟ್ಟುಬಿಟ್ಟೆ. ಕಳ್ಳದಾರಿ ಅನ್ನಿ. ಆದರೆ ಗಾಲಿ ಏನು ಮಾಡುತ್ತದೆ ಎಂದು ಹೇಳಿದರೆ ಬ್ರೇಕ್ ಏನು ಮಾಡುತ್ತದೆ ಎಂದು ಹೇಳುವುದೇ ಬೇಕಾಗಿಲ್ಲ.

ಎರಡನೆಯದು ‘ಬಿಡು’. ‘ಹ್ಯಾಂಡ್ ಬ್ರೇಕ್ ಬಿಟ್ಟಿದೆ’ ಎಂದರೆ ಯಾರೋ ಕೆಳಗಿಳಿಸಿದ್ದಾರೆ ಎಂದೋ, ಅದೇ ಕೈಕೊಟ್ಟಿದೆ ಎಂದೋ? ಈ ಜೀಪಿನ ಹ್ಯಾಂಡ್ ಬ್ರೇಕ್ ಬೇರೆ ಸ್ವಲ್ಪ ವಿಚಿತ್ರ. ಅದು ಗಾಲಿಯನ್ನು ತಡೆಯುವುದಿಲ್ಲ. ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಡ್ರಮ್ ಇದೆ, ಅದು ಹಿಂದಿನ ಗಾಲಿಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನು ತಡೆಯುತ್ತದೆ. ಹಿಂದಿನ ಒಂದು ಗಾಲಿಯನ್ನು ಜಾಕ್ ಎತ್ತಿದಿರಿ ಎನ್ನಿ. ಶಾಫ್ಟ್ ನಿಂತಿದ್ದರೂ ಗಾಳಿಯಲ್ಲಿರುವ ಗಾಲಿ ಒಂದು ಕಡೆಗೆ, ನೆಲದ ಮೇಲಿರುವುದು ಇನ್ನೊಂದು ಕಡೆಗೆ ತಿರುಗಬಹುದು. ಗಾಡಿ ಜಾಕಿನಿಂದ ಜಾರುತ್ತದೆ. ಹಾಗಾಗಿ ‘ಹ್ಯಾಂಡ್ ಬ್ರೇಕ್ ಹಾಕಿದೆ’ ಎಂಬ ಧೈರ್ಯ ಇಲ್ಲಿ ಸಾಲದು, ಗಾಲಿಗೆ ಕಲ್ಲು ಕೊಡಲೇಬೇಕು. ‘ಕಲ್ಲು ಕೊಡು’ ಎನ್ನುವುದು ಮಾತ್ರ ಎಷ್ಟು ಚೆನ್ನಾದ ಕನ್ನಡ! ಎರಡರ್ಥವೇ ಇಲ್ಲ. ಮರದ ತುಂಡು ಕೊಟ್ಟರೂ ಅದು ಕಲ್ಲು ಕೊಟ್ಟಂತೆಯೇ. ನಿಮ್ಮ ಕಡೆ ಲಾರಿ ಕ್ಲೀನರುಗಳು ಇದಕ್ಕೆ ಬೇರೆ ಏನಾದರೂ ಹೇಳುತ್ತಾರಾ?

‘ಪ್ಲೇ’, ಅಂದರೆ ಭಾಗಗಳ ನಡುವಿನ ಸಡಿಲ, ಇನ್ನೊಂದು ತಲೆನೋವು. ‘ಪ್ಲೇ ನೋಡಿ’ ಎಂದು ಬರೆದರೆ ಇರಬೇಕೋ ಇರಬಾರದೋ? ಕ್ಲಚ್ ಪೆಡಲ್ಲಿಗೆ ಸುಮಾರು 1 ಇಂಚು ಪ್ಲೇ ಇರಲೇಬೇಕು. ಬ್ರೇಕ್ ಪೆಡಲ್ಲಿಗೂ ಸ್ವಲ್ಪ ಇರಬೇಕು. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಎಣ್ಣೆ ವಾಪಸಾಗುವ ದಾರಿ ಮುಚ್ಚಿರುತ್ತದೆ. ಆಗ, ಮೇಲೆ ಹೇಳಿದ ಹಾಗೆ, ಬ್ರೇಕ್ ‘ಹಿಡಿದುಕೊಳ್ಳುತ್ತದೆ’. ಆದರೆ ಮುಂದಿನ ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ನಿನಲ್ಲಿ, ಸ್ಟಿಯರಿಂಗಿನ ಟೈ ರಾಡಿನ ತುದಿಯಲ್ಲಿ, ವೀಲ್ ಬೇರಿಂಗಿನಲ್ಲಿ ಪ್ಲೇ ಕಂಡರೆ ರಸ್ತೆಗೆ ಇಳಿಯಬಾರದು. ಹೀಗೆ ಮಾಡೋಣ ಅಂದುಕೊಂಡೆ: ಬೇಕಾದದ್ದಕ್ಕೆ ‘ಪ್ಲೇ’, ಬೇಡದ್ದಕ್ಕೆ ‘ಅಲ್ಲಾಟ’. ‘ಮುಂದಿನ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಟ ಇದ್ದರೆ, ಬ್ರೇಕ್ ಒತ್ತಿಸಿ ಮತ್ತೆ ನೋಡಿ. ನಿಂತುಹೋದರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್.’ ‘ಆಟ’ ಎನ್ನುವುದೂ ಕಿವಿಗೆ ಬಿದ್ದಿದೆ, ‘ಬೇರಿಂಗ್ ಆಟ ಆಡ್ತಿದೆ’ ಎಂದು. ಕೇಳಲು ಚಂದ, ಅಚ್ಚಿನಲ್ಲಿ ತಮಾಷೆಯಾಗಿ ಕಾಣಬಹುದೇನೋ.

‘ಏರ್’ ಮತ್ತು ‘ಗಾಳಿ’ಯ ಗೊಂದಲವನ್ನು ಮಾತ್ರ ಜನ ತಾವೇ ಬಗೆಹರಿಸಿದ್ದಾರೆ. ಟೈರಿಗೆ ಗಾಳಿ ಹೊಡೆಸುತ್ತೇವೆ, ಬ್ರೇಕ್ ಪೈಪಿನಿಂದ ಏರ್ ತೆಗೆಸುತ್ತೇವೆ. ಬೇಕಾದದ್ದು ಗಾಳಿ, ಬೇಡದ್ದು ಏರ್. ಎರಡನ್ನೂ ಹಾಗೇ ಇಟ್ಟುಕೊಂಡೆ.

ಸೋರಿಕೆಯ ವಿಷಯಕ್ಕೆ ಬಂದಾಗಲಂತೂ ಕನ್ನಡದ್ದು ಧಾರಾಳ ಕೈ. ಜಿನುಗು, ತೊಟ್ಟಿಕ್ಕು, ಸೋರು, ಸುರಿ. ಇಷ್ಟು ಮೆಟ್ಟಿಲು ಸಿಕ್ಕಿದರೆ ಹಾಳೆ ಬರೆಯುವವನಿಗೆ ಹಬ್ಬ. ಹಳೇ ಜೀಪಿನ ಗೇರ್ ಬಾಕ್ಸು, ಹೌಸಿಂಗ್ ಸೀಲುಗಳಲ್ಲಿ ಎಣ್ಣೆ ಜಿನುಗಿದರೆ ಒರೆಸಿ ಮುಂದೆ ಹೋಗಬಹುದು. ತೊಟ್ಟಿಕ್ಕಿದರೆ ಸೀಲ್ ನೋಡಬೇಕು. ಆದರೆ ಬ್ರೇಕ್ ಎಣ್ಣೆಯೂ ಪೆಟ್ರೋಲೂ ಜಿನುಗಲೂ ಬಾರದು. ಇದರಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದೇ ಡ್ರೈವರ್ ಸೀಟಿನ ಕೆಳಗೆ! ಹಳೇ ರಬ್ಬರ್ ಪೈಪಿನ ಒಂದು ಸಣ್ಣ ಬಿರುಕು ಸಾಕು. ‘ಜಿನುಗು’ ಪದ ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯಾ, ಅಥವಾ ಜಿನುಗುವ ಮಳೆಗೆ ಮಾತ್ರವಾ? ತಿಳಿಸಿ.

ತಲೆಬರಹವೂ ಬಾಕಿ ಇದೆ. ‘ಜೀರ್ಣೋದ್ಧಾರ’ ದೇವಸ್ಥಾನಕ್ಕೆ ಸರಿ, ‘ಪುನಶ್ಚೇತನ’ ಕೆರೆಗೆ ಸರಿ. ಜೀಪಿಗೆ ‘ಬಿಚ್ಚಿ ಕಟ್ಟಿದ’ ಎನ್ನುವುದೇ ನನಗೆ ಇಷ್ಟ. ಬಸ್ಸಿಗೆ ಬಾಡಿ ಕಟ್ಟಿಸುವ ನಾಡು ನಮ್ಮದು, ಯಾರಿಗೂ ವಿವರಿಸಬೇಕಾಗಿಲ್ಲ. ‘ವಿಂಟೇಜ್’ ಪದ ಬಳಸಲು ಹಿಂಜರಿಕೆ. ಕೇಂದ್ರ ಸರ್ಕಾರದ 2021ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ಮಾತ್ರ ಆ ಹೆಸರು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬೇರೆ. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಸುಮ್ನೆ ‘ಹಳೇ’ ಎಂದರೆ ಇಷ್ಟು ರಗಳೆ ಇಲ್ಲ. ‘ಆಫ್ ರೋಡ್’ ಪದವಂತೂ ಮಲೆನಾಡಿನವರಿಗೆ ನಗು ತರಿಸುತ್ತದೆ. ಅವರು ದಿನಾ ಓಡಾಡುವ ತೋಟದ ರಸ್ತೆ, ಕಾಡಿನಲ್ಲಿ ಮರ ಕಡಿಯುವ ಕೂಪಿನ ರಸ್ತೆಗಳೇ ಅವು. ‘ಜೀಪು’ ಎಂದರೆ ಸಾಕು.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಮಿಲಿಟರಿ ಕಾಲದ ವಿಲ್ಲೀಸ್ ಕಂಪನಿಯ ಜೀಪುಗಳಲ್ಲಿ ಎಡಗಡೆ ಗಾಲಿಯ ನಟ್ಟುಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡಿ ಸ್ಟಡ್ ಮುರಿದವರು ಎಷ್ಟೋ ಜನ. ಇವರದ್ದು ಆಮೇಲಿನ ಜೀಪು, ಆದರೂ ಅದರಲ್ಲೂ ಹಾಗೇ ಇರಬಹುದು ಎಂದು ಹಾಳೆಯಲ್ಲಿ ಸೇರಿಸಿದ್ದೇನೆ. ‘ಎಡಕ್ಕೆ ತಿರುಗಿಸಿ’ ಎಂದು ಬರೆದರೆ ನಟ್ಟಿನ ಮೇಲ್ಭಾಗ ಎಡಕ್ಕೋ ಕೆಳಭಾಗ ಎಡಕ್ಕೋ? ‘ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ’ ಎನ್ನುವುದು ಶಾಲೆಯ ಪುಸ್ತಕದ ಹಾಗೆ ಉದ್ದವಾಯಿತು. ‘ಪ್ರದಕ್ಷಿಣೆ, ಅಪ್ರದಕ್ಷಿಣೆ’ ಎಂದು ಬರೆಯಲೇ? ಗ್ಯಾರೇಜಿನ ಹುಡುಗರಿಗೆ ಅದು ಕೂಡಲೇ ತಿಳಿಯುತ್ತದೆ ಎಂದು ನನಗನ್ನಿಸುತ್ತದೆ, ಗೆಳೆಯರು ಒಪ್ಪುತ್ತಿಲ್ಲ. ಇದಕ್ಕಿಂತ ಚಿಕ್ಕದು, ಬಾಯಲ್ಲಿ ಓಡಾಡುವ ಪದ ನಿಮ್ಮ ಊರಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಯಾವ ಕಡೆಯ ಬಳಕೆ ಎಂದೂ ಜೊತೆಗೆ ತಿಳಿಸಿ.